ಪೂಜ್ಯಪಾದರ ‘ಶಾಲಾಕ್ಯ’: ಕಾಣೆಯಾದ ಒಂದು ನೇತ್ರವೈದ್ಯ ಗ್ರಂಥ

ಕರ್ನಾಟಕದ ವೈದ್ಯಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವನ್ನು ಸಾಮಾನ್ಯವಾಗಿ ಎರಡು ಕಾರಣಗಳಿಗಾಗಿ ನೆನೆಯುತ್ತಾರೆ. ಮದ್ಯ, ಮಾಂಸ, ಮಧು ಈ ಮೂರನ್ನೂ ಚಿಕಿತ್ಸೆಯಿಂದ ಹೊರಗಿಟ್ಟ ಸಂಸ್ಕೃತ ಗ್ರಂಥ ಅದು ಎಂಬುದು ಒಂದು. ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಸಭೆಯಲ್ಲಿ ವೈದ್ಯರೆದುರು ಮಾಂಸಸೇವನೆಯ ವ್ಯರ್ಥತೆಯನ್ನು ಅದರ ಕರ್ತೃ ಪ್ರತಿಪಾದಿಸಿದರು ಎಂಬುದು ಇನ್ನೊಂದು. ಈ ಎರಡು ಸಂಗತಿಗಳ ನೆರಳಿನಲ್ಲಿ ಮೂರನೆಯದೊಂದು ಮರೆಯಾಗಿದೆ. ತಮಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನು ಉಗ್ರಾದಿತ್ಯರು ಒಂದು ಪದ್ಯದಲ್ಲಿ ಸ್ಮರಿಸುತ್ತಾರೆ. ಶಲ್ಯತಂತ್ರವನ್ನು ಪಾತ್ರಸ್ವಾಮಿಗಳೂ ವಿಷ ಮತ್ತು ಉಗ್ರಗ್ರಹಗಳ ಶಮನವಿಧಿಯನ್ನು ಸಿದ್ಧಸೇನರೂ ಹೇಳಿದರೆಂದು ತಿಳಿಸುವ ಆ ಪದ್ಯದ ಮೊದಲ ಹೆಸರು ಪೂಜ್ಯಪಾದರದು. ಅವರು ಪ್ರಕಟಪಡಿಸಿದ ಶಾಸ್ತ್ರ ‘ಶಾಲಾಕ್ಯ’.

ಶಾಲಾಕ್ಯವೆಂದರೆ ಕೊರಳಿನಿಂದ ಮೇಲಿನ ಅವಯವಗಳ, ಅಂದರೆ ಕಣ್ಣು, ಕಿವಿ, ಮೂಗು, ಬಾಯಿ, ತಲೆಗಳ ಚಿಕಿತ್ಸೆ. ಶಲಾಕೆ ಎಂಬ ಸಣ್ಣ ಕಡ್ಡಿಯಂಥ ಉಪಕರಣದಿಂದ ಅದಕ್ಕೆ ಆ ಹೆಸರು; ಕಣ್ಣಿಗೆ ಅಂಜನ ಹಚ್ಚುವುದೂ ಪೊರೆಯನ್ನು ಸರಿಸುವುದೂ ಶಲಾಕೆಯಿಂದಲೇ. ಜೈನೇಂದ್ರ ವ್ಯಾಕರಣವನ್ನೂ ತತ್ತ್ವಾರ್ಥಸೂತ್ರದ ಮೇಲೆ ಸರ್ವಾರ್ಥಸಿದ್ಧಿಯನ್ನೂ ಬರೆದ ದೇವನಂದಿ ಪೂಜ್ಯಪಾದರನ್ನು ಸಾಹಿತ್ಯದ ವಿದ್ಯಾರ್ಥಿ ವೈಯಾಕರಣನೆಂದು ಬಲ್ಲ, ದಾರ್ಶನಿಕನೆಂದು ಬಲ್ಲ. ಕಣ್ಣಿನ ವೈದ್ಯನೆಂದು ಬಲ್ಲವರು ವಿರಳ. ಹುಂಚದ ಸುಮಾರು 1530ರ ಶಾಸನ ಮಾತ್ರ ಅವರ ವ್ಯಾಕರಣ ಮತ್ತು ಟೀಕೆಗಳ ಸಾಲಿನಲ್ಲಿ ಜನಹಿತವಾದ ವೈದ್ಯಶಾಸ್ತ್ರವೊಂದನ್ನೂ ಸೇರಿಸುತ್ತದೆ. ಶ್ರವಣಬೆಳಗೊಳದ 1433ರ ಶಾಸನ ಅವರಿಗೆ ಔಷಧ ಋದ್ಧಿ ಇತ್ತೆಂದೂ ಅವರ ಪಾದ ತೊಳೆದ ನೀರು ಸೋಕಿ ಕಬ್ಬಿಣ ಚಿನ್ನವಾಯಿತೆಂದೂ ಹೇಳುತ್ತದೆ. ವೈದ್ಯ ಪವಾಡಪುರುಷನಾಗುವ ದಾರಿ ಅಲ್ಲಿ ಕಾಣುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕಲ್ಯಾಣಕಾರಕ ಎಂಬ ಹೆಸರು ಒಂದೇ ಗ್ರಂಥದ್ದಲ್ಲ. ಪೂಜ್ಯಪಾದರ ಹೆಸರಿನಲ್ಲಿ ಒಂದು, ಉಗ್ರಾದಿತ್ಯರದು ಒಂದು, ಪೂಜ್ಯಪಾದರದನ್ನು ಅನುಸರಿಸಿ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ರಚಿಸಿದ ‘ಕರ್ಣಾಟಕ ಕಲ್ಯಾಣಕಾರಕ’ ಮತ್ತೊಂದು. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ ಪ್ರಕಟಿಸಿದ್ದು ಉಗ್ರಾದಿತ್ಯರದು. ಸಂಶೋಧನ ಪ್ರಬಂಧಗಳಲ್ಲಿ ಈ ಮೂರನ್ನು ಬೆರೆಸಿ ಉಲ್ಲೇಖಿಸುವ ಪ್ರಮಾದ ಇಂದಿಗೂ ನಿಂತಿಲ್ಲ.

ಪೂಜ್ಯಪಾದರ ಶಾಲಾಕ್ಯದಲ್ಲಿ ಏನಿದ್ದಿರಬಹುದು? ಆ ಶಾಸ್ತ್ರದ ವ್ಯಾಪ್ತಿಯನ್ನು ಸುಶ್ರುತಸಂಹಿತೆಯಿಂದ ಊಹಿಸಬಹುದು. ಅದರ ಉತ್ತರತಂತ್ರದ ಮೊದಲ 19 ಅಧ್ಯಾಯಗಳು ಕಣ್ಣಿಗೇ ಮೀಸಲು. ನೇತ್ರರೋಗಗಳು 76, ಅವುಗಳಲ್ಲಿ 21 ವರ್ತ್ಮದವು, ಅಂದರೆ ರೆಪ್ಪೆಯವು. ಬೇರಾವ ಭಾಗಕ್ಕೂ ಇಷ್ಟು ರೋಗಗಳನ್ನು ಹೇಳಿಲ್ಲ. ಆ 76ರಲ್ಲಿ 11 ಕತ್ತರಿಸಿ ತೆಗೆಯಬೇಕಾದವು, 9 ಕೆರೆಯಬೇಕಾದವು, 5 ಸೀಳಬೇಕಾದವು, 15 ರಕ್ತನಾಳವನ್ನು ಚುಚ್ಚಿ ಗುಣಪಡಿಸಬೇಕಾದವು. ಅರ್ಧಕ್ಕಿಂತ ಹೆಚ್ಚು ರೋಗಗಳಿಗೆ ಶಸ್ತ್ರವೇ ಬೇಕು.

ರೆಪ್ಪೆಯ ರೋಗಗಳಲ್ಲಿ ಪಕ್ಷ್ಮಕೋಪ ಎಂಬುದೊಂದು. ಎವೆಗೂದಲು ಒಳಕ್ಕೆ ತಿರುಗಿ ಕಣ್ಣಿನ ಗುಡ್ಡೆಯನ್ನು ಉಜ್ಜುವ ರೋಗ ಅದು. ಪರಶುರಾಂಪುರದಂಥ ಬಯಲುಸೀಮೆಯ ಊರುಗಳನ್ನು ಬಲ್ಲವರಿಗೆ ಇದು ಕೇವಲ ಗ್ರಂಥಸ್ಥ ವಿಷಯವಲ್ಲ. ವೇದಾವತಿಯ ದಂಡೆಯಲ್ಲಿದ್ದೂ ನೀರಿಗೆ ಬರವಿರುವ, ಧೂಳು, ಬಿಸಿಲು, ಕುರಿಮಂದೆಗಳ ನಾಡು ಅದು. ಅಂಥ ಸೀಮೆಗಳ ಮಾತಿನಲ್ಲಿ ಕಣ್ಣುಬೇನೆ, ಕಣ್ಣುಕುಟಿಕೆ, ಪೊರೆ, ಕಣ್ಣಿಗೆ ಹೂ ಬೀಳುವುದು ಎಂದು ಒಂದೊಂದು ಕೇಡಿಗೂ ಒಂದೊಂದು ಹೆಸರುಂಟು. ಮುಖ ತೊಳೆಯಲು ನೀರಿಲ್ಲದೆ ನೊಣ ಮುತ್ತುವಲ್ಲಿ ಹರಡುವ ಟ್ರಕೋಮಾ ಸೋಂಕು ಮತ್ತೆಮತ್ತೆ ತಗುಲಿದರೆ ರೆಪ್ಪೆಯ ಒಳಮೈಯಲ್ಲಿ ಕಲೆಗಟ್ಟಿ ರೆಪ್ಪೆ ಒಳಸುರುಳುತ್ತದೆ. ಕೂದಲು ಉಜ್ಜಿ ಉಜ್ಜಿ ಕರಿಗುಡ್ಡೆ ಬೆಳ್ಳಗಾಗುತ್ತದೆ. ಜನ ‘ಹೂ ಬಿತ್ತು’ ಎನ್ನುವ ಸ್ಥಿತಿಗೆ ಇದೂ ಒಂದು ಕಾರಣ. ಎಷ್ಟು ನಯವಾದ ಮಾತು, ಎಷ್ಟು ಕ್ರೂರವಾದ ರೋಗ!

ಈ ರೋಗಕ್ಕೆ ಸುಶ್ರುತ ಹೇಳುವ ಶಸ್ತ್ರಕರ್ಮ ಬಹಳ ಸ್ಪಷ್ಟವಾಗಿದೆ. ಹುಬ್ಬಿನ ಕೆಳಗಿನ ರೆಪ್ಪೆಯಲ್ಲಿ ಮೇಲೆ ಎರಡು ಭಾಗ, ಎವೆಯ ಬಳಿ ಒಂದು ಭಾಗ ಬಿಟ್ಟು, ಕಣ್ಣಿನ ಒಳಮೂಲೆಯಿಂದ ಹೊರಮೂಲೆಯ ವರೆಗೆ ಸಮಾನಾಂತರವಾಗಿ ಜವೆಗೋಧಿಯ ಕಾಳಿನಾಕಾರದಲ್ಲಿ ಚರ್ಮವನ್ನು ಕತ್ತರಿಸಿ ತೆಗೆಯಬೇಕು. ಕೂದಲಿನಿಂದ ಎಚ್ಚರ ತಪ್ಪದೆ ಹೊಲಿಯಬೇಕು. ಜೇನು ಮತ್ತು ತುಪ್ಪವನ್ನು ಹಚ್ಚಬೇಕು. ಹಣೆಗೆ ಪಟ್ಟಿ ಕಟ್ಟಿ ಹೊಲಿಗೆಯನ್ನು ಅದಕ್ಕೆ ಬಿಗಿದು ರೆಪ್ಪೆಯನ್ನು ಮೇಲಕ್ಕೆತ್ತಿ ಹಿಡಿಸಬೇಕು. ಗಾಯ ಕೂಡಿದಂತೆ ಎವೆ ಹೊರಕ್ಕೆ ತಿರುಗುತ್ತದೆ. ಆದರೂ ಸುಶ್ರುತ ಇದನ್ನು ಸಾಧ್ಯರೋಗಗಳ ಸಾಲಿಗೆ ಸೇರಿಸದೆ ಯಾಪ್ಯವೆಂದಿದ್ದಾನೆ. ಹತೋಟಿಯಲ್ಲಿಡಬಹುದು, ಬೇರುಸಹಿತ ಕೀಳಲಾಗದು ಎಂದರ್ಥ. ರೆಪ್ಪೆಯನ್ನು ಸೀಳಿ ಹೊರಕ್ಕೆ ತಿರುಗಿಸಿ ಹೊಲಿಯುವ ಇಂದಿನ ಶಸ್ತ್ರಚಿಕಿತ್ಸೆಯ ನಂತರವೂ ಕೂದಲು ಮರಳಿ ಒಳತಿರುಗುವುದುಂಟು ಎಂಬುದನ್ನು ನೆನೆದರೆ ಆ ವರ್ಗೀಕರಣದ ಪ್ರಾಮಾಣಿಕತೆ ತಿಳಿಯುತ್ತದೆ.

ಜೈನ ವೈದ್ಯನ ತೊಡಕು ಇರುವುದು ಇಲ್ಲಿಯೇ. ಶಸ್ತ್ರವನ್ನು ಅವನು ಹಿಡಿಯಬಲ್ಲ, ಜೇನನ್ನು ಮುಟ್ಟಲಾರ. ಕಣ್ಣಿನ ಅಂಜನಗಳಲ್ಲಿ ಎಷ್ಟೋ ಜೇನಿನಲ್ಲಿ ತೇದವು. ಹೀಗಿರುವಾಗ ಮಧುವರ್ಜಿತವಾದ ಶಾಲಾಕ್ಯವೆಂದರೆ ಪರಂಪರೆಯ ಬರಿಯ ನಕಲಲ್ಲ, ಪ್ರತಿಯೊಂದು ಯೋಗದ ಪುನರ್ವಿಚಾರ. ಉಗ್ರಾದಿತ್ಯರ ಪದ್ಯ ಸೂಚಿಸುವ ಗ್ರಂಥ ಸಿಕ್ಕಿದ್ದರೆ ಆ ಪುನರ್ವಿಚಾರ ಹೇಗೆ ನಡೆಯಿತೆಂದು ತಿಳಿಯುತ್ತಿತ್ತು. ಸಿಕ್ಕಿಲ್ಲ.

ಗ್ರಂಥ ಉಳಿಯಲಿಲ್ಲ, ಕಥೆ ಉಳಿಯಿತು. ಪೂಜ್ಯಪಾದರು ಗಗನಮಾರ್ಗದಿಂದ ವಿದೇಹಕ್ಷೇತ್ರಕ್ಕೆ ಹೋಗಿಬರುವಾಗ ಸೂರ್ಯನ ತಾಪಕ್ಕೆ ದೃಷ್ಟಿ ನಷ್ಟವಾಯಿತು; ಶಾಂತ್ಯಷ್ಟಕವನ್ನು ರಚಿಸಿ ಸ್ತುತಿಸಲು ಅದು ಮರಳಿತು ಎಂಬುದು ಸಂಪ್ರದಾಯದ ಕಥೆ. ದೃಷ್ಟಿಯನ್ನು ಪ್ರಸನ್ನಗೊಳಿಸೆಂಬ ಆ ಸ್ತೋತ್ರದ ಬಿನ್ನಹವನ್ನು ಭಗವಂತನ ಕೃಪಾದೃಷ್ಟಿಯೆಂದೂ ಭಕ್ತನ ಕಣ್ಣಿನ ದೃಷ್ಟಿಯೆಂದೂ ಎರಡು ಬಗೆಯಲ್ಲಿ ಅರ್ಥಮಾಡಬಹುದು. ಕಥೆ ಹುಟ್ಟಲು ಆ ಒಂದು ಶ್ಲೇಷ ಸಾಕು. ಆದರೆ ಶ್ಲೇಷದಿಂದ ಎಲ್ಲವೂ ವಿವರವಾಗುವುದಿಲ್ಲ. ಸುಶ್ರುತನೂ ತನ್ನ ಶಾಲಾಕ್ಯದ ಮೂಲವನ್ನು ವಿದೇಹದಲ್ಲಿಯೇ ಕಾಣುತ್ತಾನೆ. ವಿದೇಹಾಧಿಪನು ಹೇಳಿದ ಶಾಸ್ತ್ರ ಇದು ಎಂಬುದು ಅವನ ಮಾತು. ಆ ದೊರೆಯನ್ನು ನಿಮಿಯೆಂದು ಪರಂಪರೆ ಗುರುತಿಸುತ್ತದೆ. ಪುರಾಣಗಳಲ್ಲಿ ನಿಮಿ ಶಾಪದಿಂದ ದೇಹ ಕಳೆದುಕೊಂಡು ವಿದೇಹನಾಗಿ ಪ್ರಾಣಿಗಳ ಕಣ್ಣುಗಳಲ್ಲಿ ನೆಲೆಸಿದ. ರೆಪ್ಪೆ ಬಡಿಯುವುದಕ್ಕೆ ನಿಮೇಷವೆಂಬ ಹೆಸರು ಬಂದುದು ಅವನಿಂದಲೇ ಎಂದು ಅವು ಹೇಳುತ್ತವೆ. ಕನ್ನಡದ ‘ಎವೆಯಿಕ್ಕು’ವಿನ ಹಿಂದೆ ಇಂಥ ಕಥೆಯಿಲ್ಲ.

ಜೈನರ ವಿದೇಹಕ್ಷೇತ್ರವೂ ಮಿಥಿಲೆಯ ವಿದೇಹವೂ ಭೂಗೋಳದಲ್ಲಿ ಒಂದಲ್ಲ. ಕಥೆಗಳ ಲೋಕದಲ್ಲಿ ಹೆಸರುಗಳು ಅಷ್ಟು ಕಟ್ಟುನಿಟ್ಟಾಗಿ ನಿಲ್ಲುವುದಿಲ್ಲ. ವಿದೇಹದಿಂದ ಬಂದ ನೇತ್ರಶಾಸ್ತ್ರವನ್ನು ಬರೆದ ಆಚಾರ್ಯನ ನೆನಪು, ವಿದೇಹಕ್ಕೆ ಹೋಗಿ ಕಣ್ಣು ಕಳೆದುಕೊಂಡ ಆಚಾರ್ಯನ ಕಥೆಯಾಗಿ ಮಾರ್ಪಟ್ಟಿರಬಹುದು. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಆದರೆ ಕಥೆಯನ್ನು ಭಕ್ತಿಯ ಮಹಿಮೆಯೆಂದು ಮಾತ್ರ ಓದಿದರೆ ಅನ್ಯರ ಕಣ್ಣಿಗೆ ಚಿಕಿತ್ಸೆ ಹೇಳಿದ ವೈದ್ಯ ತನ್ನ ಕಣ್ಣಿಗಾಗಿ ಪ್ರಾರ್ಥಿಸಿದ ಭಕ್ತನಾಗಿಯಷ್ಟೇ ಉಳಿಯುತ್ತಾನೆ, ಅವನ ಕೈಯ ಶಲಾಕೆ ಕಾಣದಾಗುತ್ತದೆ. ಉಗ್ರಾದಿತ್ಯರ ಪದ್ಯದ ಬೆಲೆ ಇರುವುದು ಅಲ್ಲಿ.

ಮುಂದಿನ ಕಥೆ ಪರಿಚಿತವಾದದ್ದು. 1896ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಣ್ಣಿನ ಚಿಕಿತ್ಸಾಲಯ 1913ರಲ್ಲಿ ಮಿಂಟೋ ಆಸ್ಪತ್ರೆಯ ಕಟ್ಟಡಕ್ಕೆ ಬಂದಿತು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಶಸ್ತ್ರಚಿಕಿತ್ಸೆಯನ್ನು ಆಸ್ಪತ್ರೆಯಿಂದ ಹಳ್ಳಿಗಳ ಶಿಬಿರಕ್ಕೆ ಕೊಂಡೊಯ್ದರು. ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2024ರ ಅಕ್ಟೋಬರಿನಲ್ಲಿ. ಪೂಜ್ಯಪಾದರ ಶಾಲಾಕ್ಯವನ್ನು ಇನ್ನು ಹುಡುಕಬೇಕಾದದ್ದು ಬಸದಿ, ಮಠಗಳ ಓಲೆಗರಿಗಳಲ್ಲಿ. ಅದರಲ್ಲಿಯೂ ಕರ್ತೃವಿನ ಹೆಸರಿಲ್ಲದೆ ‘ವೈದ್ಯ’ ಎಂದಷ್ಟೇ ನಮೂದಾಗಿರುವ ಕಟ್ಟುಗಳಲ್ಲಿ.