ಕಾರಿನ ಸೆಂಟ್ರಲ್ ಲಾಕ್ ಕೈಕೊಟ್ಟರೆ ಮೊದಲು ಎಲ್ಲಿ ನೋಡಬೇಕು?



ಕಳೆದ ಮಳೆಗಾಲದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರನ್ನು ಕಾಸರಗೋಡಿನಿಂದ ಮಂಗಳೂರಿನ ಆಸ್ಪತ್ರೆಗೆ ನನ್ನ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಅಲ್ಲಿ ತಲುಪಿ ರಿಮೋಟ್ ಒತ್ತಿದರೆ ಮೂರು ಬಾಗಿಲು ಟಕ್ಕೆಂದವು, ಅವರು ಕುಳಿತಿದ್ದ ಹಿಂದಿನ ಎಡಬಾಗಿಲು ಮಾತ್ರ ಸುಮ್ಮನಿತ್ತು. ಮೊಣಕಾಲು ನೋವಿನ ಅವರನ್ನು ಸೀಟಿನ ಮೇಲೆ ಇನ್ನೊಂದು ಬದಿಗೆ ಸರಿಸಿ ಇಳಿಸುವಷ್ಟರಲ್ಲಿ ಇಬ್ಬರೂ ಮಳೆಯಲ್ಲಿ ತೊಯ್ದಿದ್ದೆವು. ಒಳಗಿನ ಲಾಕಿನ ಗುಬ್ಬಿಯನ್ನು ಬೆರಳಲ್ಲಿ ಮೇಲೆತ್ತಿದರೆ ಸಾಕಿತ್ತು. ಆ ಗಡಿಬಿಡಿಯಲ್ಲಿ ಅದು ಇಬ್ಬರಿಗೂ ಹೊಳೆಯಲಿಲ್ಲ. ಮರುದಿನ ಒಂದು ಗ್ಯಾರೇಜಿನವರು ಇಡೀ ಸೆಟ್ ಬದಲಿಸಬೇಕೆಂದರು. ಕೊನೆಗೆ ಸಿಕ್ಕಿದ್ದು ತುಂಡಾದ ಒಂದು ವಯರ್. ಇನ್ನೊಬ್ಬರಿಗೆ ಹೀಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಪ್ರತಿ ಬಾಗಿಲಿನೊಳಗೆ 12 ವೋಲ್ಟಿನ ಒಂದು ಪುಟ್ಟ ಮೋಟಾರು ಇರುತ್ತದೆ. ವಿದ್ಯುತ್ತು ಒಂದು ದಿಕ್ಕಿನಲ್ಲಿ ಹರಿದರೆ ಲಾಕ್, ತಿರುಗಿಸಿ ಹರಿದರೆ ಅನ್‌ಲಾಕ್. ಹರಿಯುವುದು ಒಂದು ಸೆಕೆಂಡಿಗಿಂತಲೂ ಕಡಿಮೆ ಹೊತ್ತು. ಹಳೆಯ ಕಾರುಗಳಿಗೆ ಹೊರಗೆ ಹಾಕಿಸಿಕೊಂಡ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಮೋಟಾರಿಗೆ ಐದು ವಯರ್, ಉಳಿದವಕ್ಕೆ ಎರಡೆರಡು. ಐದರಲ್ಲಿ ಮೂರು ಸ್ವಿಚ್ಚಿನವು. ಚಾಲಕನ ಬಾಗಿಲೇ ಉಳಿದವಕ್ಕೆ ಅಪ್ಪಣೆ ಕೊಡುವುದು.

ಹಾಗಾಗಿ ಮೊದಲ ಪ್ರಶ್ನೆ: ಕೆಟ್ಟಿರುವುದು ಎಲ್ಲ ಬಾಗಿಲೋ, ಒಂದೇ ಬಾಗಿಲೋ? ಎಲ್ಲವೂ ಸತ್ತಿದ್ದರೆ ಫ್ಯೂಸ್ ನೋಡಿ, ಕಾರಿನ ಬ್ಯಾಟರಿ ನೋಡಿ. ಒಳಗಿನ ಸ್ವಿಚ್ಚಿಗೆ ಕೆಲಸ ಮಾಡಿ ರಿಮೋಟಿಗೆ ಮಾಡದಿದ್ದರೆ ರಿಮೋಟಿನ ಬಟನ್ ಸೆಲ್ ಮುಗಿದಿರಬಹುದು. ಸೆಲ್ಲಿನ ಮೇಲಿನ ಸಂಖ್ಯೆಯನ್ನು ಬರೆದುಕೊಂಡು ಅಂಗಡಿಗೆ ಹೋಗಿ. ಕಿಟ್ ಇರುವ ಕಾರಿನಲ್ಲಿ ಉಳಿದ ಬಾಗಿಲುಗಳೆಲ್ಲ ಒಟ್ಟಿಗೆ ಸುಮ್ಮನಾದರೆ ಚಾಲಕನ ಬಾಗಿಲಿನ ಆ ಐದು ವಯರ್ ಮೇಲೆ ಅನುಮಾನ ಇಡಿ.

ಒಂದೇ ಬಾಗಿಲಾದರೆ ಕಿವಿಗೊಟ್ಟು ಕೇಳಿ. ಮೋಟಾರು ಗುಂಯ್ಗುಟ್ಟಿ ಗುಬ್ಬಿ ಕದಲದಿದ್ದರೆ ಒಳಗಿನ ಪ್ಲಾಸ್ಟಿಕ್ ಗೇರ್ ಸವೆದಿದೆ, ಇಲ್ಲವೇ ಮೋಟಾರಿನಿಂದ ಲಾಕಿಗೆ ಹೋಗುವ ಸರಳು ಕ್ಲಿಪ್ಪಿನಿಂದ ಕಳಚಿದೆ. ಅರ್ಧ ಚಲಿಸಿ ನಿಂತರೆ ಲಾಕ್ ಒಣಗಿ ಬಿಗಿಯಾಗಿದೆ. ಚೊಕ್ಕಗೊಳಿಸಿ ಗ್ರೀಸ್ ಹಾಕಿದರೆ ಸರಿಹೋದೀತು. ಸದ್ದೇ ಇಲ್ಲದಿದ್ದರೆ ವಯರ್ ಅಥವಾ ಮೋಟಾರು. ಹಿಂದಿನ ಬಾಗಿಲು ಹೊರಗಿನಿಂದ ತೆರೆದು ಒಳಗಿನಿಂದ ತೆರೆಯದಿದ್ದರೆ ಅದು ಕೆಟ್ಟದ್ದಲ್ಲ, ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಬಿದ್ದಿರಬಹುದು. ಮೊಮ್ಮಕ್ಕಳಿರುವ ಮನೆಗಳಲ್ಲಿ ಇದು ನಡೆಯುತ್ತದೆ.

ವಯರೋ ಮೋಟಾರೋ ಎಂದು ತಿಳಿಯಲು ಒಳಗಿನ ಪ್ಯಾಡ್ ಬಿಚ್ಚಬೇಕು. ಬಾಗಿಲಲ್ಲಿ ಏರ್‌ಬ್ಯಾಗಿನ ಸೆನ್ಸರ್ ಇರುವ ಹೊಸ ಕಾರಾದರೆ ಕೈ ಹಾಕಬೇಡಿ, ಕಂಪನಿಯ ಸರ್ವೀಸಿಗೇ ಒಯ್ಯಿರಿ. ಉಳಿದವುಗಳಲ್ಲಿ ಗಾಜು ಪೂರ್ತಿ ಏರಿಸಿ, ಹ್ಯಾಂಡಲಿನ ಹಿಂದೆ ಮತ್ತು ಕೈ ಇಡುವ ಜಾಗದಲ್ಲಿ ಅಡಗಿರುವ ಸ್ಕ್ರೂಗಳನ್ನು ತೆಗೆದು, ಅಂಚಿನ ಕ್ಲಿಪ್‌ಗಳನ್ನು ಒಂದೊಂದಾಗಿ ಎಬ್ಬಿಸಿ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಸುಲಿಯಿರಿ. ಅದನ್ನು ಮರಳಿ ಸರಿಯಾಗಿ ಅಂಟಿಸದಿದ್ದರೆ ನಮ್ಮ ಕರಾವಳಿಯ ಮಳೆಗೆ ನೀರು ಕಾರಿನೊಳಕ್ಕೇ ಬರುತ್ತದೆ. ಈಗ ಎರಡು ವಯರಿನ ಮೋಟಾರಿನ ಕನೆಕ್ಟರ್ ಕಳಚಿ, ಆ ವಯರ್‌ಗಳ ನಡುವೆ 12 ವೋಲ್ಟಿನ ಸಣ್ಣ ಬಲ್ಬ್ ಹಿಡಿದು ಇನ್ನೊಬ್ಬರಿಂದ ರಿಮೋಟ್ ಒತ್ತಿಸಿ. ಮಿಂಚಿದರೆ ಮೋಟಾರು ಹೋಗಿದೆ, ಮಿಂಚದಿದ್ದರೆ ವಯರ್. ಡಿಜಿಟಲ್ ಮೀಟರ್ ಇಷ್ಟು ಕ್ಷಣಿಕ ವಿದ್ಯುತ್ತನ್ನು ಹಿಡಿಯದೆಯೂ ಹೋಗಬಹುದು. ಅಲ್ಲದೆ ಒಂದೇ ಎಳೆ ಉಳಿದ ವಯರಿನಲ್ಲೂ ಅದು 12 ತೋರಿಸಿ ದಾರಿ ತಪ್ಪಿಸುತ್ತದೆ. ಬಲ್ಬಿಗೆ ಆ ಮೋಸ ಗೊತ್ತಿಲ್ಲ.

ವಯರ್ ತುಂಡಾಗುವ ಜಾಗ ಹೆಚ್ಚಾಗಿ ಒಂದೇ: ಬಾಗಿಲು ಮತ್ತು ಕಂಬದ ನಡುವಿನ ರಬ್ಬರ್ ಕೊಳವೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅಲ್ಲಿ ವಯರ್ ಮಡಚುತ್ತದೆ. ಮೇಲಿನ ಹೊದಿಕೆ ಸರಿಯಿದ್ದು ಒಳಗೆ ತಾಮ್ರ ತುಂಡಾಗಿರುವುದೂ ಉಂಟು, ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಉಪ್ಪುಗಾಳಿಯ ಊರುಗಳಲ್ಲಿ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿವೆಯೇ ಎಂದೂ ನೋಡಿ. ಬ್ಯಾಟರಿಯ ನೆಗೆಟಿವ್ ಕಳಚಿ, ಅಷ್ಟೇ ದಪ್ಪದ ಹೊಸ ವಯರ್ ತುಂಡನ್ನು ಬೆಸುಗೆ ಹಾಕಿ ಸೇರಿಸಿ. ಬೆಸುಗೆ ಮಾತ್ರ ಕೊಳವೆಯ ಒಳಗೆ ಬರಬಾರದು, ಮಡಚುವಲ್ಲಿ ಅದು ಮತ್ತೆ ಮುರಿಯುತ್ತದೆ. ಎರಡು ತುದಿಯಲ್ಲೂ ಕೊಳವೆಯಿಂದ ಆಚೆಗೆ ಇರಲಿ. ಬರೀ ಟೇಪ್ ಸಾಲದು, ಬಿಸಿಗೆ ಕುಗ್ಗುವ ತೋಳು ಹಾಕಿ.

ಪ್ಯಾಡ್ ಕೂರಿಸುವ ಮುಂಚೆ ಬಾಗಿಲು ತೆರೆದಿಟ್ಟೇ ಪರೀಕ್ಷಿಸಿ. ಅಂಚಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿ, ಲಾಕ್ ಮಾಡಿ, ಅನ್‌ಲಾಕ್ ಮಾಡಿ, ಒಳಗಿನ ಮತ್ತು ಹೊರಗಿನ ಹ್ಯಾಂಡಲ್ ಎರಡರಿಂದಲೂ ಬಿಡಿಸಿ ನೋಡಿ. ಇದನ್ನು ಮಾಡದೆ ಬಾಗಿಲು ಬಡಿದು, ಆಮೇಲೆ ತೆರೆಯಲಾಗದೆ ಅರ್ಧ ದಿನ ಕಳೆದವನು ನಾನು.

ಬ್ಯಾಟರಿ ಪೂರ್ತಿ ಇಳಿದರೂ ಚಾಲಕನ ಬಾಗಿಲು ಸಾಮಾನ್ಯವಾಗಿ ಕೀಲಿಯಿಂದ ತೆರೆಯುತ್ತದೆ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳ ರಿಮೋಟಿನೊಳಗೂ ಒಂದು ಸಣ್ಣ ಕೀಲಿ ಅಡಗಿರುತ್ತದೆ. ಎಲ್ಲಿದೆಯೆಂದು ಇಂದೇ ನೋಡಿಟ್ಟುಕೊಳ್ಳಿ, ಮನೆಯವರಿಗೂ ತೋರಿಸಿ.

ಪರೀಕ್ಷೆಯ ಬಲ್ಬ್ ಮತ್ತು ಬೆಸುಗೆ ಕಡ್ಡಿ ಸಂಘದ ಕಚೇರಿಯ ಕಪಾಟಿನಲ್ಲಿವೆ. ಬೇಕಾದವರು ಪುಸ್ತಕದಲ್ಲಿ ಸಹಿ ಹಾಕಿ ಒಯ್ಯಬಹುದು.

– ಕಾರ್ಯದರ್ಶಿ