ಲಾರಿಯ ಹಿಂದೆ ತೂಗಿದ ಒಲೆ

ಎರಡನೇ ಮಹಾಯುದ್ಧದಲ್ಲಿ ಈಜಿಪ್ಟ್, ಲಿಬಿಯಾಗಳ ಮರಳಿನಲ್ಲಿ ಓಡಾಡಿದ ಬ್ರಿಟಿಷ್ ಸೇನೆಯ ಲಾರಿಗಳ ಹಿಂಬದಿಯಲ್ಲಿ ಮಸಿ ಹಿಡಿದ ತಗಡಿನ ಡಬ್ಬಗಳು ತೂಗಾಡುತ್ತಿದ್ದವು. ಒಂದು ಒಲೆ, ಇನ್ನೊಂದು ನೀರು ಕಾಯಿಸುವ ಪಾತ್ರೆ. ಇವನ್ನು ಯಾವ ಕಾರ್ಖಾನೆಯೂ ತಯಾರಿಸಿರಲಿಲ್ಲ, ಯಾವ ಉಗ್ರಾಣದಿಂದಲೂ ಕೊಟ್ಟಿರಲಿಲ್ಲ. ಲಾರಿಯಾಗಲಿ, ಟ್ಯಾಂಕ್ ಆಗಲಿ, ಅದರಲ್ಲಿದ್ದ ಮೂರು ನಾಲ್ಕು ಮಂದಿಯೇ ಕೂತು ಕತ್ತರಿಸಿ ಮಾಡಿಕೊಂಡದ್ದು. ಲಿಬಿಯಾದ ಬಂದರು ಪಟ್ಟಣದ ಹೆಸರು ಅಂಟಿಕೊಂಡು ಆ ಒಲೆ ‘ಬೆಂಗಾಜಿ ಬರ್ನರ್’ ಆಯಿತು. 1941ರ ಫೆಬ್ರವರಿಯಿಂದ 1942ರ ನವೆಂಬರ್ ಒಳಗೆ ಆ ಊರನ್ನು ಬ್ರಿಟಿಷರೂ ಎದುರಾಳಿ ಜರ್ಮನ್-ಇಟಲಿ ಪಡೆಗಳೂ ಒಟ್ಟು ಐದು ಸಲ ಕಿತ್ತಾಡಿ ಹಿಡಿದರು.

ಒಲೆಯ ಕಥೆ ಶುರುವಾಗುವುದು ಒಂದು ಕೆಟ್ಟ ಡಬ್ಬದಿಂದ. ಬ್ರಿಟಿಷರು ಮುಂಚೂಣಿಗೆ ಪೆಟ್ರೋಲ್ ಸಾಗಿಸುತ್ತಿದ್ದುದು ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರ್ ಹಿಡಿಯುವ ಚೌಕಾಕಾರದ ತೆಳು ತಗಡಿನ ಡಬ್ಬದಲ್ಲಿ. ನಮ್ಮ ಹಳೆಯ ಸೀಮೆಎಣ್ಣೆ ಡಬ್ಬದ ಅಳತೆಯೂ ಅದೇ. ಅಗ್ಗಕ್ಕೆ ಸಿಗುತ್ತದೆ, ಖಾಲಿಯಾದರೆ ಬಿಸಾಡಬಹುದು ಎಂಬುದು ಮೇಲಿನವರ ಲೆಕ್ಕ. ಆದರೆ ಕಲ್ಲು ನೆಲದ ಮೇಲೆ ಲಾರಿ ಕುಲುಕಿದರೆ ಬೆಸುಗೆ ಬಿಡುತ್ತಿತ್ತು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನ ಸಾಲು ನಜ್ಜುಗುಜ್ಜಾಗುತ್ತಿತ್ತು. ಡಿಪೊ ಬಿಟ್ಟು ವಾಹನದ ಟ್ಯಾಂಕು ಸೇರುವಷ್ಟರಲ್ಲಿ ಶೇ. 30ರಷ್ಟು ಪೆಟ್ರೋಲ್ ಹಾಳಾಗುತ್ತದೆಂದು ಸೇನಾಧಿಪತಿ ಕ್ಲಾಡ್ ಆಕಿನ್‌ಲೆಕ್ ಅವರೇ ಬರೆದರು. ಆ ಪೆಟ್ರೋಲನ್ನು ಹಡಗಿನಲ್ಲಿ ತಂದು, ಬಾಂಬ್ ದಾಳಿಯ ನಡುವೆ ಇಳಿಸಿ, ನೂರಾರು ಮೈಲಿ ಹೊತ್ತವರ ಶ್ರಮವನ್ನು ನೆನೆದರೆ ಈ ನಷ್ಟವನ್ನು ಉಳಿತಾಯದ ಹೆಸರಿನಲ್ಲಿ ಮಾಡಿದ ಅಪರಾಧವೆಂದೇ ಕರೆಯಬೇಕಾಗುತ್ತದೆ.

ಸೈನಿಕರ ಕೈಗೆ ಬಂದದ್ದು ಮಾತ್ರ ರಾಶಿ ರಾಶಿ ಖಾಲಿ ತಗಡು. ಸುತ್ತ ಕಣ್ಣು ಹಾಯುವಷ್ಟು ದೂರ ಸೌದೆಯಿಲ್ಲ, ಮರಳಿಗೆ ಬರವಿಲ್ಲ. ಡಬ್ಬವನ್ನು ಅಡ್ಡಲಾಗಿ ಎರಡು ಹೋಳು ಮಾಡುವುದು. ಕೆಳಗಿನ ಹೋಳಿನ ಅಂಚಿನ ಸುತ್ತ ಬಯೊನೆಟ್ ಮೊನೆಯಿಂದ ಗಾಳಿಗೆ ತೂತು ಹೊಡೆಯುವುದು. ಅರ್ಧದಷ್ಟು ಮರಳು ತುಂಬಿ, ಅದರ ಮೇಲೆ ಪೆಟ್ರೋಲ್ ಸುರಿದು, ಕೆಸರಿನ ಹದಕ್ಕೆ ಕಲಸುವುದು. ಆಮೇಲೆ ದೂರ ನಿಂತು ಕಡ್ಡಿ ಗೀರಿ ಎಸೆಯುವುದು. ಇನ್ನೊಂದು ಡಬ್ಬಕ್ಕೆ ತಂತಿಯ ಹಿಡಿ ಕಟ್ಟಿದರೆ ಪಾತ್ರೆ ಸಿದ್ಧ.

ನಮ್ಮಲ್ಲಿ ಡಬ್ಬಕ್ಕೆ ಮರದ ಹೊಟ್ಟು ಗಿಡಿದು ಉರಿಸುವ ಒಲೆ ಕಂಡವರಿಗೆ ಇದರ ರೂಪ ಹೊಸದಲ್ಲ. ಆದರೆ ಹೊಟ್ಟಿನ ಒಲೆಯಲ್ಲಿ ಹೊಟ್ಟೇ ಉರಿಯುತ್ತದೆ. ಇಲ್ಲಿ ಮರಳು ಉರಿಯುವುದಿಲ್ಲ, ಬತ್ತಿಯ ಕೆಲಸ ಮಾಡುತ್ತದೆ. ಬರೀ ಪೆಟ್ರೋಲ್ ಆಗಿದ್ದರೆ ಭುಗ್ಗನೆ ಉರಿದು ಮುಗಿಯುತ್ತಿತ್ತು. ಮರಳು ಅದನ್ನು ತನ್ನ ಸಂದುಗಳಲ್ಲಿ ಹಿಡಿದಿಟ್ಟು ಮೇಲ್ಮೈಯಿಂದ ನಿಧಾನವಾಗಿ ಆವಿಯಾಗಲು ಬಿಡುತ್ತದೆ. ಉರಿ ತಗ್ಗಿತೋ, ಉದ್ದ ಕೋಲಿನಿಂದ ಕೆದಕಿದರೆ ಅಡಿಯ ತೇವ ಮೇಲೆ ಬಂದು ಮತ್ತೆ ಜ್ವಾಲೆ ಏಳುತ್ತದೆ. ಲಾರಿ ನಿಂತ ಕೆಲವೇ ನಿಮಿಷದಲ್ಲಿ ನೀರು ಕುದಿಯುತ್ತಿತ್ತು. ಅದಕ್ಕೆ ಮುಷ್ಟಿಗಟ್ಟಲೆ ಚಹಾಪುಡಿ, ಸಕ್ಕರೆ, ಡಬ್ಬಿಹಾಲು.

ಈ ಒಲೆಯನ್ನು ಹೊಗಳುವವರು ಅದು ಸುಟ್ಟ ಕೈಗಳನ್ನು ಮರೆಯಬಾರದು. ನಡುಹಗಲ ಬಿಸಿಲಿನಲ್ಲಿ ಪೆಟ್ರೋಲಿನ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಆರಿತೆಂದು ಭಾವಿಸಿ ಬಿಸಿ ಮರಳಿನ ಮೇಲೆ ಇನ್ನಷ್ಟು ಸುರಿದವರ ಕೈಯಲ್ಲಿದ್ದ ಡಬ್ಬಕ್ಕೇ ಬೆಂಕಿ ಹತ್ತಿಕೊಳ್ಳುತ್ತಿತ್ತು. ಮರುಭೂಮಿಯ ಆಸ್ಪತ್ರೆಗಳಿಗೆ ಶತ್ರುವಿನ ಗುಂಡು ತಗುಲದೆಯೂ ಸುಟ್ಟಗಾಯದವರು ಬರುತ್ತಿದ್ದರು. ಕತ್ತಲಾದ ಮೇಲಂತೂ ಬೆಂಕಿ ನಿಷಿದ್ಧ. ಸಣ್ಣ ಉರಿಯೂ ಮೈಲಿಗಟ್ಟಲೆ ದೂರಕ್ಕೆ ಕಾಣುವ ಬಯಲು ಅದು. ಹಾಗಾಗಿ ಬೆಳಕು ಹರಿದ ಕೂಡಲೇ ಮೊದಲ ಚಹಾ, ಸೂರ್ಯ ಮುಳುಗುವ ಮುನ್ನ ಕೊನೆಯದು.

ಪೆಟ್ರೋಲನ್ನು ಹೀಗೆ ಸುಡುತ್ತಿದ್ದವರೇ ನೀರಿನ ವಿಷಯದಲ್ಲಿ ಹನಿ ಹನಿಗೂ ಲೆಕ್ಕ ಇಡುತ್ತಿದ್ದರು. ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನೋಲ್ಡ್ 1920ರ ದಶಕದಲ್ಲಿ ಫೋರ್ಡ್ ಕಾರುಗಳಲ್ಲಿ ಲಿಬಿಯಾದ ಮರಳುಗಾಡು ಸುತ್ತಿದಾಗ ರೇಡಿಯೇಟರಿನ ಆವಿ ಗಾಳಿಪಾಲಾಗದಂತೆ ಅದನ್ನು ಕೊಳವೆಯ ಮೂಲಕ ಪಕ್ಕದ ಡಬ್ಬದ ನೀರಿಗೆ ಬಿಟ್ಟರು. ಎಂಜಿನ್ ತಣ್ಣಗಾದಾಗ ರೇಡಿಯೇಟರ್ ಆ ನೀರನ್ನು ಮತ್ತೆ ಎಳೆದುಕೊಳ್ಳುತ್ತಿತ್ತು. 1940ರಲ್ಲಿ ಅವರು ಕಟ್ಟಿದ ‘ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್’ ಇದೇ ಉಪಾಯವನ್ನು ಷೆವ್ರೊಲೆ ಲಾರಿಗಳಿಗೆ ಅಳವಡಿಸಿ, ಶತ್ರುವಿನ ಬೆನ್ನ ಹಿಂದೆ ವಾರಗಟ್ಟಲೆ ಓಡಾಡಿತು. ಮರಳಲ್ಲಿ ಹೂತ ಚಕ್ರದಡಿ ಹಾಕುವ ಉಕ್ಕಿನ ಹಲಗೆ, ಸೂರ್ಯನ ನೆರಳಿನಿಂದ ದಿಕ್ಕು ಹೇಳುವ ದಿಕ್ಸೂಚಿ, ಆಹಾರ, ಅಡುಗೆ ಸಾಮಾನು ಎಲ್ಲವನ್ನೂ ಒಂದೇ ಲಾರಿ ಹೊರಬೇಕಿತ್ತು. ಭಾರತೀಯ ಅಶ್ವದಳಗಳಿಂದ ಆಯ್ದವರ ‘ಇಂಡಿಯನ್ ಲಾಂಗ್ ರೇಂಜ್ ಸ್ಕ್ವಾಡ್ರನ್’ 1942ರಲ್ಲಿ ಇವರ ಜೊತೆಗೂಡಿತು.

ಬೆಂಗಳೂರಿಗೂ ಆ ಮರಳಿಗೂ ನಂಟಿದೆ. 1940ರ ಡಿಸೆಂಬರಿನಲ್ಲಿ ಈಜಿಪ್ಟಿನ ಸಿದಿ ಬರಾನಿಯಲ್ಲಿ ಹೋರಾಡಿದ ನಾಲ್ಕನೇ ಭಾರತೀಯ ಡಿವಿಷನ್ನಿನಲ್ಲಿ ಹಲಸೂರು ಕೆರೆಯ ದಂಡೆಯಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ದಳದವರೂ ಇದ್ದರು. ಆ ಚಳಿಗಾಲದ ಕಾಳಗಗಳಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು 1,30,000ದಷ್ಟು. ಅವರಲ್ಲಿ ಅನೇಕರು ಹಡಗು ಹತ್ತಿ ಭಾರತಕ್ಕೆ ಬಂದು, ಬೆಂಗಳೂರಿನ ಜಾಲಹಳ್ಳಿಯ ಶಿಬಿರಗಳಲ್ಲಿ ಯುದ್ಧ ಮುಗಿಯುವುದನ್ನು ಕಾದರು.

ಬೆಂಗಾಜಿ ಒಲೆಗೆ ಕೊನೆ ಬರೆದದ್ದು ಇನ್ನೊಂದು ಡಬ್ಬ. ಜರ್ಮನರ ಬಳಿ 1937ರಲ್ಲಿ ರೂಪುಗೊಂಡ 20 ಲೀಟರಿನ ಉಕ್ಕಿನ ಕ್ಯಾನ್ ಇತ್ತು. ಎರಡೇ ಹೋಳುಗಳನ್ನು ಸೇರಿಸಿದ ಗಟ್ಟಿ ಬೆಸುಗೆ, ಒತ್ತಿದರೆ ಬಿಗಿಯಾಗುವ ಮುಚ್ಚಳ, ಒಬ್ಬರೂ ಇಬ್ಬರೂ ಹಿಡಿಯಲು ಆಗುವಂತೆ ಮೂರು ಹಿಡಿಕೆ. ಸೆರೆ ಸಿಕ್ಕ ಕ್ಯಾನ್‌ಗಳನ್ನು ಬ್ರಿಟಿಷ್ ಸೈನಿಕರು ಬಂಗಾರದಂತೆ ಕಾಪಾಡಿಕೊಂಡರು. ಕೊನೆಗೆ ಬ್ರಿಟನ್ನೇ ಅದರ ನಕಲು ತಯಾರಿಸಿತು. ಇಂದು ಜೀಪುಗಳ ಹಿಂದೆ ಕಾಣುವ ಜೆರಿಕ್ಯಾನ್ ಅದೇ. ಅದನ್ನು ಕತ್ತರಿಸಿ ಒಲೆ ಮಾಡುವ ಮನಸ್ಸು ಯಾರಿಗೂ ಬರಲಿಲ್ಲ, ಅದು ಮತ್ತೆ ಮತ್ತೆ ತುಂಬಿಸುವ ಕ್ಯಾನ್. ಬಿಸಾಡುವ ತಗಡು ಕಡಿಮೆಯಾಗುತ್ತಾ ಒಲೆಗಳೂ ಕಡಿಮೆಯಾದವು. ಜೊತೆಗೆ ಕಾರ್ಖಾನೆಯಲ್ಲಿ ತಯಾರಾದ ಪೆಟ್ರೋಲ್ ಸ್ಟವ್‌ಗಳೂ ಪಡೆಗಳ ಕೈಸೇರಿದವು.

ಆದರೆ ಚಹಾ ಕಾಯಿಸಲು ಟ್ಯಾಂಕಿನಿಂದ ಇಳಿಯಲೇಬೇಕೆಂಬ ತೊಂದರೆ ಉಳಿದೇ ಇತ್ತು. ಒಲೆಯ ಸುತ್ತ ಕುಕ್ಕರಗಾಲಿನಲ್ಲಿ ಕೂತವರಿಗೆ ಉಕ್ಕಿನ ಕವಚವಿಲ್ಲ. ಫಿರಂಗಿ ಗುಂಡು ಬೀಳುವಾಗ ಹೊರಗಿದ್ದವರೇ ಮೊದಲು ಸಾಯುತ್ತಿದ್ದರು. 1945ರಲ್ಲಿ ಬಂದ ಸೆಂಚೂರಿಯನ್ ಟ್ಯಾಂಕಿನ ವಿನ್ಯಾಸಕಾರರು ಒಳಗೇ, ವಾಹನದ ವಿದ್ಯುತ್ತಿನಿಂದ ನೀರು ಕುದಿಸುವ ಪಾತ್ರೆಯೊಂದನ್ನು ಕೂರಿಸಿದರು. ಅಲ್ಲಿಂದೀಚೆಗೆ ಬ್ರಿಟಿಷ್ ಟ್ಯಾಂಕುಗಳಲ್ಲಿ ಅದು ಕಾಯಂ ಆಯಿತು, ಊಟದ ಪೊಟ್ಟಣಗಳೂ ಅದರಲ್ಲೇ ಬಿಸಿಯಾಗುತ್ತವೆ.