ಕನ್ನಡ ಬೈಬಲ್: ಮೂಲ ಭಾಷೆಗಳು ಮತ್ತು ಅನುವಾದ

ಕ್ರೈಸ್ತರ ಧರ್ಮಗ್ರಂಥವಾದ ಬೈಬಲ್ ಕನ್ನಡಕ್ಕೆ ಬಂದದ್ದು 19ನೆಯ ಶತಮಾನದ ಮೊದಲ ದಶಕಗಳಲ್ಲಿ. ಬಳ್ಳಾರಿಯಲ್ಲಿ ಸಿದ್ಧವಾದ ಪಾಠವನ್ನು ಮುಂದಿನ ಪೀಳಿಗೆಯವರು ತಿದ್ದಿದರು. ಈ ಕೆಲಸದ ಸುತ್ತ ಬೆಳೆದ ಭಾಷಾ ವಿದ್ವತ್ತಿನಲ್ಲಿ ಹುಬ್ಬಳ್ಳಿ-ಧಾರವಾಡಕ್ಕೂ ದೊಡ್ಡ ಪಾಲಿದೆ.

ಬೈಬಲ್‌ನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಬಹುಭಾಗ ಹೀಬ್ರೂ ಭಾಷೆಯಲ್ಲಿದೆ. ಎಜ್ರ ಮತ್ತು ದಾನಿಯೇಲ ಗ್ರಂಥಗಳ ಕೆಲವು ಅಧ್ಯಾಯಗಳು ಹಾಗೂ ಯೆರೆಮೀಯ ಗ್ರಂಥದ ಒಂದು ವಚನ ಅರಾಮಿಕ್‌ನಲ್ಲಿವೆ. ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಭಾಷೆ ಗ್ರೀಕ್. ಅದೂ ಪಂಡಿತರ ಪ್ರೌಢ ಗ್ರೀಕ್ ಅಲ್ಲ, ಆ ಕಾಲದ ಪೇಟೆ-ಬಂದರುಗಳಲ್ಲಿ ನಡೆಯುತ್ತಿದ್ದ ಆಡುಗ್ರೀಕ್. ಕನ್ನಡ ಬೈಬಲ್‌ನ ಮೋಶೆ, ಯೆಶಾಯ, ಯೋಹಾನ ಎಂಬ ಹೆಸರುಗಳು ಇಂಗ್ಲಿಷ್ ರೂಪಗಳಿಗಿಂತ ಈ ಮೂಲಗಳಿಗೇ ಹತ್ತಿರವಾಗಿವೆ.

ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು. ಮುಂದೆ ವಿಲಿಯಂ ರೀವ್ ಜೊತೆಗೂಡಿದರು. ಸುಮಾರು ಎರಡು ದಶಕಗಳ ದುಡಿಮೆಯ ಫಲವಾಗಿ 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ದೊರೆಯಿತು. ಅತ್ತ ಬಂಗಾಳದ ಸಿರಾಂಪುರದಲ್ಲಿ ವಿಲಿಯಂ ಕೇರಿಯ ಬಳಗವೂ 1820ರ ದಶಕದಲ್ಲಿ ಹೊಸ ಒಡಂಬಡಿಕೆಯ ಕನ್ನಡ ರೂಪವನ್ನು ಅಚ್ಚು ಹಾಕಿಸಿತು. ಪಾದ್ರಿಗಳ ಪಕ್ಕದಲ್ಲಿ ಕುಳಿತು ವಾಕ್ಯ ವಾಕ್ಯವನ್ನೂ ತೂಗಿ ನೋಡಿದ ಮುನ್ಶಿಗಳ ಮತ್ತು ಕನ್ನಡ ಪಂಡಿತರ ಹೆಸರುಗಳು ಮುಖಪುಟ ಏರಲಿಲ್ಲ. ಈ ಚರಿತ್ರೆಯಲ್ಲಿ ಅವರಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಇನ್ನೊಂದು ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ ಮಂಗಳೂರಿನ ಬಳಿಕ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿತು. ಆಗ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯದೇ ದರ್ಬಾರು. ಅಂಥ ಹೊತ್ತಿನಲ್ಲಿ ಮಿಶನ್ ಇಲ್ಲಿ ಕನ್ನಡವನ್ನೇ ಹಿಡಿದು ಶಾಲೆ ನಡೆಸಿ, ಕನ್ನಡದಲ್ಲೇ ಬೈಬಲ್ ಓದಿಸಿತು. ಧರ್ಮಪ್ರಚಾರವೇ ಅದರ ಗುರಿಯಾಗಿದ್ದರೂ ಕನ್ನಡಕ್ಕೆ ಇದರಿಂದ ಆದ ಉಪಕಾರ ಸಣ್ಣದಲ್ಲ.

ಬಳ್ಳಾರಿಯ ಪಾಠವನ್ನು ತಿದ್ದಿದವರಲ್ಲಿ ಇದೇ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ ಮುಖ್ಯರು. ಕನ್ನಡ ಭಾಷೆ-ಸಾಹಿತ್ಯವನ್ನು ಕುರಿತು 1848ರಲ್ಲಿಯೇ ಜರ್ಮನ್ ಭಾಷೆಯಲ್ಲಿ ಲೇಖನ ಬರೆದವರು ಅವರು. ಅವರ ಜೊತೆಗಾರ ಹೆರ್ಮನ್ ಮೊಗ್ಲಿಂಗ್ ದಾಸರ ಪದಗಳನ್ನೂ ಹಳೆಯ ಕಾವ್ಯಗಳನ್ನೂ ಅಚ್ಚಿಗೆ ತಂದರು. ಜನರ ನಾಲಗೆಯ ಮೇಲೆ ನಿಂತ ಕನ್ನಡವನ್ನು ಅರಿಯದೆ ಅನುವಾದ ಕೈಗೂಡದೆಂಬ ತಿಳಿವಳಿಕೆ ಈ ತಲೆಮಾರಿನ ನಿಜವಾದ ಗಳಿಕೆ.

ಈ ದಾರಿಯಲ್ಲಿ ಎಲ್ಲರಿಗಿಂತ ದೂರ ನಡೆದವರು ಇದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ (1832–1903). ಶಾಲಾ ದಿನಗಳಲ್ಲೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಕಲಿತಿದ್ದ ಅವರು 1853ರಲ್ಲಿ ಭಾರತಕ್ಕೆ ಬಂದರು. ಅವರ ಕನ್ನಡದ ಕಲಿಕೆ ಧಾರವಾಡ ಸೀಮೆಯಲ್ಲಿ ಮೊದಲಾಯಿತು. ಯೇಸುವಿನ ಕಥೆಯನ್ನು ಗದ್ಯದಲ್ಲಿ ಹೇಳಿದರೆ ಸಾಲದೆಂದು ಕನ್ನಡದ ಛಂದಸ್ಸುಗಳಲ್ಲೇ ‘ಕಥಾಮಾಲೆ’ (1862) ರಚಿಸಿದರು. ಅನುವಾದವೊಂದು ಈ ನೆಲದ ಹಾಡಿಕೆಯೊಳಗೆ ಬೆರೆಯಬೇಕೆಂಬ ಹಂಬಲ ಅಲ್ಲಿ ಕಾಣುತ್ತದೆ. 1872ರಲ್ಲಿ ಹಳಗನ್ನಡದ ವ್ಯಾಕರಣ ಗ್ರಂಥ ‘ಶಬ್ದಮಣಿದರ್ಪಣ’ವನ್ನು, 1875ರಲ್ಲಿ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಅವರ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಧಾರವಾಡದ ಕಿಟೆಲ್ ಕಾಲೇಜು ಅವರ ಹೆಸರನ್ನು ಹೊತ್ತಿದೆ.

ದಕ್ಷಿಣ ಭಾರತ ಸಭೆಯೆಂಬ ಪ್ರೊಟೆಸ್ಟೆಂಟ್ ಚರ್ಚಿನ ಕರ್ನಾಟಕ ಉತ್ತರ ಸಭಾಪ್ರಾಂತದ ಕೇಂದ್ರ ಇಂದು ಧಾರವಾಡದಲ್ಲಿದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ‘ಸತ್ಯವೇದವು’ ಎಂಬ ಹೆಸರಿನ ಕನ್ನಡ ಬೈಬಲ್ ಹೆಚ್ಚು ಬಳಕೆಯಲ್ಲಿದೆ. ಸರಳ ಕನ್ನಡದ ಹೊಸ ಅನುವಾದವೂ ಬಂದಿದ್ದು, ಕಥೋಲಿಕರು ಅಂಗೀಕರಿಸುವ ಹೆಚ್ಚುವರಿ ಗ್ರಂಥಗಳು ಸೇರಿದ ಆವೃತ್ತಿಯೂ ಅದಕ್ಕಿದೆ.